ಗಿಣಿಮರಿಗೆ ಕೈತುತ್ತು

ಹಿಂದಿನವರ ಮನೆಗಳಲ್ಲಿ ಒಳಲೆ ಎಂಬ ಪುಟ್ಟ ಪಾತ್ರೆಯೊಂದು ಇರುತ್ತಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಂದು ಪಕ್ಕಕ್ಕೆ ಕೊಕ್ಕಿನಂತೆ ಚಾಚಿದ ಬಾಯಿ. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು. ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಒಳಲೆಯಲ್ಲಿ ಹಾಲನ್ನೋ ತೆಳ್ಳಗಿನ ರಾಗಿ ಮಣ್ಣಿಯನ್ನೋ ತುಂಬಿ, ಅಜ್ಜಿಯಂದಿರು ಅದರ ಬಾಯಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಬಾಟಲಿ ಬಂದ ಮೇಲೆ ಒಳಲೆ ಅಟ್ಟ ಸೇರಿತು. ಈಗ ಅದರ ಹೆಸರು ಬಲ್ಲವರೂ ವಿರಳ. ಮಕಾವ್ ಗಿಣಿಯ ಮರಿಗೆ ಉಣಿಸುವ ವಿಚಾರ ಬರೆಯಲು ಕುಳಿತವರಿಗೆ ಒಳಲೆಯ ಪೀಠಿಕೆ ಏಕೆ ಎಂದು ವಾಚಕರು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇವೆ. ಇಂಥ ಮರಿಗಳಿಗೆ ಉಣಿಸಲು ಹೊಸಬರ ಕೈಗೆ ತಕ್ಕ ಉಪಕರಣವೆಂದರೆ, ಎರಡು ಅಂಚುಗಳನ್ನೂ ಮೇಲಕ್ಕೆ ಬಗ್ಗಿಸಿದ ಒಂದು ಚಮಚ. ಅದನ್ನು ಮೊದಲ ಸಲ ಕಂಡಾಗ ನಮಗೆ ಹೊಳೆದ ಹೆಸರು ಒಳಲೆಯೇ. ಹಿಟ್ಟಿನ ಡಬ್ಬಿ ಪರದೇಶದ್ದಾದರೇನು, ಉಣಿಸುವ ವಿದ್ಯೆ ನಮ್ಮ ಅಜ್ಜಿಯಂದಿರದು.

ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಧಾರವಾಡದ ಕಡೆಯ ರಾಯರೊಬ್ಬರಿದ್ದಾರೆ. ಮುಂಬಯಿಗೆ ಬಂದು ಮೂವತ್ತು ವರ್ಷಗಳಾದರೂ ಅವರ ಮನೆಯ ಮಾತಿಗೆ ಇಲ್ಲಿನ ಉಪ್ಪುಗಾಳಿ ತಾಗಿಲ್ಲ. ಕಳೆದ ಮಳೆಗಾಲದ ಮೊದಲಲ್ಲಿ ಅವರ ಮಗ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದ. ಒಳಗೆ ನೀಲಿ ಹಳದಿ ಮಕಾವ್ ಗಿಣಿಯ ಮರಿ. ಬೆಳೆದ ಹಕ್ಕಿಯ ಚಿತ್ರವನ್ನು ಎಲ್ಲರೂ ಕಂಡಿರುತ್ತಾರೆ: ಬೆನ್ನೆಲ್ಲ ಆಕಾಶನೀಲಿ, ಎದೆಯೆಲ್ಲ ಅರಿಸಿನದ ಬಣ್ಣ, ಬಿಳಿಯ ಕೆನ್ನೆಯ ಮೇಲೆ ಕರಿಯ ಶಾಯಿಯಲ್ಲಿ ಎಳೆದ ಗೆರೆಗಳಂಥ ಸಣ್ಣ ಗರಿಗಳು, ಬಾಲವೂ ಸೇರಿ ಸುಮಾರು ಮೂರು ಅಡಿ ಉದ್ದ, ಒಂದು ಕಿಲೋದ ಆಸುಪಾಸು ತೂಕ. ಪೆಟ್ಟಿಗೆಯಲ್ಲಿದ್ದದ್ದಕ್ಕೆ ಈ ವೈಭವ ಯಾವುದೂ ಇರಲಿಲ್ಲ. ಗುಲಾಬಿ ಚರ್ಮದ ಒಂದು ಮುದ್ದೆ, ಅದರ ಮೇಲೆ ಮುಳ್ಳಿನಂತೆ ಎದ್ದ ಗರಿಯ ಮೊಳಕೆಗಳು, ಮೈಗೆ ಮೀರಿದ ಕರಿಯ ಕೊಕ್ಕು. "ಇದ್ಯಾವ ಪ್ರಾಣಿ ತಂದೀಯೋ?" ಎಂದು ರಾಯರ ತಾಯಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮಾರಿದ ಅಂಗಡಿಯವನು ಎರಡು ತಿಂಗಳ ಮರಿ ಎಂದಿದ್ದ. ಹಕ್ಕಿಗಳ ವೈದ್ಯರು ರೆಕ್ಕೆಯ ಮೊಳಕೆಗಳನ್ನು ನೋಡಿ, ಐದು ವಾರಕ್ಕಿಂತ ಹೆಚ್ಚಿಲ್ಲ ಎಂದರು. ಈ ಅಂತರ ಸಣ್ಣದಲ್ಲ. ಐದು ವಾರದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ಒಂದು ಕಾಳನ್ನೂ ತಾನಾಗಿ ತಿನ್ನಲಾರದು. ಎಳೆಯ ಮರಿಯನ್ನು ಹೀಗೆ ಬೇಗ ಮಾರಿಬಿಟ್ಟರೆ ಉಣಿಸುವ ದುಡಿಮೆ ಅಂಗಡಿಯವನಿಗೆ ತಪ್ಪುತ್ತದೆ. ಕೊಳ್ಳುವವರಿಗೆ ಮಾತ್ರ "ನೀವೇ ಕೈತುತ್ತು ಕೊಟ್ಟರೆ ನಿಮಗೇ ಹೊಂದಿಕೊಳ್ಳುತ್ತದೆ" ಎಂಬ ಸಿಹಿಮಾತು.

ಕಾಗದಪತ್ರದ ವಿಷಯವನ್ನು ಇಲ್ಲಿಯೇ ಮುಗಿಸುತ್ತೇವೆ. ನಮ್ಮ ನಾಡಿನ ಹಸುರು ಗಿಣಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಎಷ್ಟೋ ಕನ್ನಡದ ಮನೆಗಳಿಗೆ ಇದು ಇನ್ನೂ ತಿಳಿದಿಲ್ಲ. ಮಕಾವ್ ಪರದೇಶದ ಹಕ್ಕಿಯಾದ್ದರಿಂದ ಅದರ ದಾರಿ ಬೇರೆ. ಆ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರವರಿಯಲ್ಲಿ ಅದರ ನಿಯಮಗಳೂ ಹೊರಬಿದ್ದವು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಎಂಬ ಅಂತರ್ಜಾಲ ತಾಣದಲ್ಲಿ ನೋಂದಾಯಿಸಬೇಕು. ಹಕ್ಕಿ ಮರಿ ಮಾಡಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಅರ್ಜಿ ತುಂಬುವುದೆಂದರೆ ನಮ್ಮ ಕೈ ತಾನಾಗಿ ಮುಂದಾಗುತ್ತದೆ. ರಾಯರ ಮನೆಗೆ ನಾವು ಮೊದಲು ಹೋದದ್ದು ಅದೇ ಕೆಲಸಕ್ಕೆ. ಆಮೇಲೆ ದಿನವೂ ಹೋಗತೊಡಗಿದ್ದು ಮರಿಗಾಗಿ.

ಮೊಟ್ಟೆಯಿಂದ ಹೊರಬಿದ್ದಾಗ ಈ ಮರಿಯ ತೂಕ 20 ಗ್ರಾಮಿನಿಂದ 25 ಗ್ರಾಮು, ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಬಟ್ಟೆಯೆಂಬುದಿಲ್ಲ. ಮೊದಲ ವಾರದಲ್ಲಿಯೇ ತೂಕ ಎರಡರಷ್ಟು ದಾಟುತ್ತದೆ. ಎರಡು ಮೂರು ವಾರಗಳಲ್ಲಿ ಕಣ್ಣು ತೆರೆಯುತ್ತದೆ. ಎರಡು ತಿಂಗಳು ತುಂಬುವ ಹೊತ್ತಿಗೆ ತಾಯಿಯ ತೂಕದ ಹತ್ತಿರಕ್ಕೆ ಬಂದಿರುತ್ತದೆ. ಮನುಷ್ಯರ ಕೂಸು ಈ ಲೆಕ್ಕದಲ್ಲಿ ಬೆಳೆದರೆ ನಾಮಕರಣಕ್ಕೆ ತೊಟ್ಟಿಲು ಸಾಲದೆ ಮಂಚ ಹುಡುಕಬೇಕಾದೀತು. ಇಷ್ಟು ವೇಗದ ಬೆಳವಣಿಗೆಯಲ್ಲಿ ಎರಡು ದಿನ ತಪ್ಪಿದರೂ ಅದರ ಗುರುತು ಉಳಿಯುತ್ತದೆ. ಕಾಡಿನಲ್ಲಿ ಈ ಗಿಣಿಗಳು ಸತ್ತ ತಾಳೆಮರದ ಪೊಳ್ಳಿನಲ್ಲಿ ಎರಡು ಮೂರು ಮೊಟ್ಟೆಯಿಟ್ಟು, ಸುಮಾರು 26ರಿಂದ 28 ದಿನ ಕಾವು ಕೊಡುತ್ತವೆ. ತಾಯಿ ಗೂಡು ಬಿಡಲಾಗದ ದಿನಗಳಲ್ಲಿ ತಂದೆ ತಿಂದು ಬಂದು ಅವಳಿಗೆ ಉಣಿಸುತ್ತದೆ. ಅವಳು ಮರಿಗೆ ಉಣಿಸುತ್ತಾಳೆ. ಅರೆ ಜೀರ್ಣವಾದ ಆ ಬಿಸಿಯೂಟ ಕೊಕ್ಕಿನಿಂದ ಕೊಕ್ಕಿಗೆ ಇಳಿಯುತ್ತದೆ. ಡಬ್ಬಿಯ ಹಿಟ್ಟು, ಬಿಸಿನೀರು ಮತ್ತು ಚಮಚದಿಂದ ನಾವು ಮಾಡಹೊರಡುವುದು ಇದರ ನಕಲು.

ನಕಲಿನಲ್ಲಿ ಮೊದಲು ಕೆಡುವುದು ಬಿಸಿ. ಹಕ್ಕಿಯ ಮೈಯ ಬಿಸಿ ನಮ್ಮದಕ್ಕಿಂತ ಹೆಚ್ಚು, ಸುಮಾರು 41 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಮರಿಯ ಗಂಜಿ 39ರಿಂದ 41 ಡಿಗ್ರಿಯ ನಡುವೆ ಇರಬೇಕು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಹದ ನೋಡುವ ತಾಯಂದಿರ ಪದ್ಧತಿ ಮನುಷ್ಯರ ಕೂಸಿಗೆ ಸರಿ; ಇಲ್ಲಿ ಸಾಲದು. ನಮ್ಮ ಚರ್ಮಕ್ಕೆ ಹಿತವಾದ ಉಗುರುಬೆಚ್ಚಗು ಮರಿಗೆ ತಣ್ಣನೆಯದು. ತಣ್ಣನೆಯ ಗಂಜಿಯನ್ನು ಅದು ಉಗುಳೀತು, ಇಲ್ಲವೆ ನುಂಗಿದರೂ ಒಳಗೆ ಮುಂದಕ್ಕೆ ಸಾಗದೆ ನಿಂತೀತು. ಬಿಸಿ ಹೆಚ್ಚಾದರೆ ಅದಕ್ಕಿಂತ ಘೋರ. ನಾಲ್ಕಾರು ಡಿಗ್ರಿ ಮೀರಿದರೂ ಒಳಗಿನ ಚರ್ಮ ಸುಡುತ್ತದೆ. ಆ ದಿನ ಏನೂ ಕಾಣದು. ಕೆಲವು ದಿನಗಳ ಮೇಲೆ ಕುತ್ತಿಗೆಯ ಕೆಳಗೆ ತೂತು ಬಿದ್ದು ತಿಂದದ್ದು ಹೊರಕ್ಕೆ ಸೋರುವಾಗ ಗೊತ್ತಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದ ಗಂಜಿ ಒಂದು ಕಡೆ ತಣ್ಣಗೂ ಇನ್ನೊಂದು ಕಡೆ ಕುದಿಯುತ್ತಲೂ ಇರುತ್ತದೆ. ಅದನ್ನು ಬಳಸದಿರುವುದೇ ಲೇಸು. ನೀರನ್ನು ಕಾಯಿಸಿ, ಹಿಟ್ಟು ಬೆರೆಸಿ, ಚೆನ್ನಾಗಿ ಕಲಕಿ, ಥರ್ಮಾಮೀಟರಿನ ತುದಿಯನ್ನು ಅದ್ದಿ ಅಂಕಿ ಓದಿದ ಮೇಲೆಯೇ ಚಮಚ ಎತ್ತಬೇಕು. ಬೆರಳಿಗೆ ಈ ಅಧಿಕಾರ ಕೊಡಬಾರದು.

ಎರಡನೆಯದು ನೆತ್ತಿಗೆ ಹತ್ತುವ ಭಯ. ಹಕ್ಕಿಯ ನಾಲಗೆಯ ಬುಡದಲ್ಲಿಯೇ ಉಸಿರಿನ ಕೊಳವೆ ಬಾಯಿ ತೆರೆದುಕೊಂಡಿರುತ್ತದೆ. ಅನ್ನದ ಕೊಳವೆ ಕತ್ತಿನ ಬಲಬದಿಯಲ್ಲಿ ಇಳಿಯುತ್ತದೆ. ಆದ್ದರಿಂದ ಪಿಚಕಾರಿಯಿಂದ ಉಣಿಸುವವರು ಮರಿಯ ಕೊಕ್ಕಿನ ಎಡಬದಿಯಿಂದ ಒಳಗಿಟ್ಟು ಬಲಕ್ಕೆ ಹಾಯಿಸುತ್ತಾರೆ. ಕೊಕ್ಕಿನ ಎರಡು ಮೂಲೆಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಸಿದ ಮರಿ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಕುಕ್ಕುತ್ತದೆ. ನೋಡುವವರಿಗೆ ನೀರಿನ ಪಂಪು ಹೊಡೆದಂತೆ ಕಾಣುತ್ತದೆ. ಆ ಕುಕ್ಕಾಟದ ಹೊತ್ತಿನಲ್ಲಿ ಉಸಿರಿನ ದಾರಿ ಮುಚ್ಚಿರುತ್ತದೆ, ಗಂಜಿ ಸರಿಯಾದ ದಾರಿ ಹಿಡಿಯುತ್ತದೆ. ಕುಕ್ಕಾಟ ನಿಂತ ಮೇಲೂ "ಇನ್ನೊಂದು ತುತ್ತು" ಎಂದು ಒತ್ತಿದರೆ ಗಂಜಿ ಪುಪ್ಪುಸಕ್ಕೆ ಇಳಿಯುತ್ತದೆ. ಕೂಡಲೇ ಪ್ರಾಣ ಹೋಗುವುದುಂಟು, ಉಳಿದರೆ ನ್ಯುಮೋನಿಯಾ. ನೂರಾರು ಮರಿಗಳಿಗೆ ಉಣಿಸುವವರಿಗೆ ಪಿಚಕಾರಿ ಬೇಕು, ಕೆಲಸ ಬೇಗ ಆಗುತ್ತದೆ. ಒಂದೇ ಮರಿಯ ಮನೆಗೆ ಬಗ್ಗಿಸಿದ ಚಮಚವೇ ಲೇಸು; ಅದು ನಿಧಾನ, ಮರಿಯೇ ತನ್ನ ವೇಗದಲ್ಲಿ ತೆಗೆದುಕೊಳ್ಳುತ್ತದೆ.

ರಾಯರ ತಾಯಿಗೆ ಎಂಬತ್ತು ದಾಟಿದೆ. ಮೊದಲೆರಡು ದಿನ ಮೂಗು ಮುರಿದರೂ, ಮೂರನೆಯ ದಿನದಿಂದ ಅಜ್ಜಿ ತಾವೇ ಕುರ್ಚಿ ಎಳೆದುಕೊಂಡು ಮರಿಯ ಬಳಿ ಕುಳಿತರು. ಮೊಮ್ಮಗ ಡಬ್ಬಿಯ ಮೇಲಿನ ಅಳತೆಯನ್ನು ಮುಗಿಸಿಯೇ ತೀರಬೇಕೆಂದು ಹಟ ಹಿಡಿದಾಗ ಅವರು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇವೆ: "ಹಸಿವಿಲ್ಲದ ಕೂಸಿಗೆ ತುರುಕಬ್ಯಾಡೋ. ಹೊಟ್ಟಿ ತಾನ ಕೇಳ್ತದ." ವೈದ್ಯರು ಹೇಳಿದ್ದೂ ಇದನ್ನೇ, ಸ್ವಲ್ಪ ಅಂಕಿಗಳನ್ನು ಸೇರಿಸಿ.

ಆ ಅಂಕಿ ಹೀಗಿದೆ. ಗಿಣಿಯ ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗಕ್ಕೆ, ತಿಂದದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಚೀಲ ಇದೆ. ವೈದ್ಯರು ಕ್ರಾಪ್ ಎನ್ನುತ್ತಾರೆ. ನಾವು ಮೇವಿನ ಚೀಲ ಎನ್ನೋಣ. ಒಂದು ಹೊತ್ತಿನ ಊಟ ಮರಿಯ ತೂಕದ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರಬೇಕು: 540 ಗ್ರಾಮಿನ ಮರಿಗೆ 55 ಮಿಲಿಲೀಟರಿನಷ್ಟು. ಉಂಡ ಮೇಲೆ ಚೀಲ ದುಂಡಗಿರಬೇಕು, ಬಿಗಿದ ಬೆಲೂನಿನಂತೆ ಆಗಬಾರದು. ಮುಂದಿನ ಊಟದ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿದಿರಬೇಕು. ದಿನಕ್ಕೆ ಒಮ್ಮೆಯಾದರೂ, ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ, ಪೂರ್ತಿ ಬರಿದಾಗಿರಬೇಕು. ಬರಿದಾಗದ ಚೀಲದಲ್ಲಿ ಉಳಿದ ಗಂಜಿ ರಾತ್ರಿಯ ದೋಸೆ ಹಿಟ್ಟಿನಂತೆ ಹುಳಿಯುತ್ತದೆ. ಹುಳಿಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿಯುವುದು ದೋಸೆಗೆ ಸರಿ, ಮರಿಗೆ ವಿಷ.

ಹಿಟ್ಟಿನ ವಿಷಯದಲ್ಲಿ ನಮ್ಮ ಜನರ ಒಂದು ಚಟವನ್ನು ಹೇಳದೆ ಇರಲಾಗದು. ಯಾವುದನ್ನೂ ನಾವು ಹಾಗೆಯೇ ಕೊಡುವವರಲ್ಲ. ಒಂದಿಷ್ಟು ಟಾನಿಕ್, ನಾಲ್ಕು ಬಾದಾಮಿ, ಒಂದು ಚಮಚ ತುಪ್ಪ ಬೆರೆಸದಿದ್ದರೆ ಕರ್ತವ್ಯಲೋಪವಾದಂತೆ ಅನ್ನಿಸುತ್ತದೆ. ಮರಿಗಳಿಗೆಂದೇ ಮಾಡಿದ ಒಳ್ಳೆಯ ಹಿಟ್ಟಿನಲ್ಲಿ ಬೇಕಾದದ್ದೆಲ್ಲ ಲೆಕ್ಕವಿಟ್ಟು ಸೇರಿಸಿರುತ್ತಾರೆ. ಅದರ ಮೇಲೆ ಜೀವಸತ್ವ ಡಿ ಬೆರೆಸುವುದು ಮಕಾವ್‌ಗಳಿಗೆ ವಿಶೇಷವಾಗಿ ಅಪಾಯ. ಉಳಿದ ಗಿಣಿಗಳಿಗಿಂತ ಇವುಗಳ ಮೈ ಅದನ್ನು ಕಡಿಮೆ ತಾಳುತ್ತದೆ, ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟುತ್ತದೆ. ರಾಯರ ಮನೆಗೆ ಬಂದ ಅತಿಥಿಯೊಬ್ಬರು ತಮ್ಮ ಮೊಮ್ಮಗುವಿನ ಟಾನಿಕ್ ಶೀಶೆಯನ್ನು ಪ್ರೀತಿಯಿಂದಲೇ ತಂದಿದ್ದರು. ಅಜ್ಜಿ ಅದನ್ನು ದೇವರ ಗೂಡಿನ ಹಿಂದೆ ಅಡಗಿಸಿಟ್ಟರು.

ಇನ್ನು ತಕ್ಕಡಿಯ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸಾಕಿದವರಿಗೂ ಸಲ್ಲುತ್ತದೆ. ದಿನವೂ ನೋಡುವ ಕಣ್ಣಿಗೆ ಮರಿ ದಿನವೂ ಬೆಳೆದಂತೆಯೇ ಕಾಣುತ್ತದೆ. ಕಾಯಿಲೆಬಿದ್ದ ಹಕ್ಕಿ ಅದನ್ನು ಕೊನೆಯವರೆಗೂ ಬಚ್ಚಿಡುತ್ತದೆ. ತಕ್ಕಡಿಗೆ ಮಾತ್ರ ದಾಕ್ಷಿಣ್ಯವಿಲ್ಲ. ಅಡಿಗೆಮನೆಯಲ್ಲಿ ಇಡುವ, ಒಂದೊಂದು ಗ್ರಾಮನ್ನೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಪ್ರತಿದಿನ ಬೆಳಿಗ್ಗೆ, ಅದೇ ಹೊತ್ತಿಗೆ, ಮೊದಲ ಊಟಕ್ಕೆ ಮುಂಚೆ, ಚೀಲ ಬರಿದಾಗಿರುವಾಗ ತೂಗಬೇಕು. ಉಂಡ ಮೇಲೆ ತೂಗಿದರೆ ಗಂಜಿಯ ತೂಕವನ್ನೂ ಮರಿಯ ಲೆಕ್ಕಕ್ಕೆ ಜಮಾ ಮಾಡಿದಂತಾಗುತ್ತದೆ. ಹಗಲೆಲ್ಲ ಆವಕ ಜಾವಕ ಬರೆಯುವ ಕೈ ನಮ್ಮದಾದ್ದರಿಂದ ಈ ವಹಿ ನಮ್ಮ ಪಾಲಿಗೆ ಬಂತು. ಕೆಂಪು ಗೆರೆ ಎಳೆದು ಮನೆಗಳನ್ನು ಮಾಡಿದೆವು: ತೇದಿ, ಬೆಳಗಿನ ತೂಕ, ಪ್ರತಿ ಊಟದ ಹೊತ್ತು, ಗಂಜಿಯ ಬಿಸಿ, ಅಳತೆ, ಚೀಲ ಇಳಿದಿತ್ತೇ ಇಲ್ಲವೇ, ಹಿಕ್ಕೆ ಹೇಗಿತ್ತು. ಕಛೇರಿಗೆ ಹೊರಡುವ ಮುಂಚೆ ಮೂರನೆಯ ಮಾಳಿಗೆಗೆ ಹೋಗಿ ತೂಕ ಬರೆದು ಇಳಿಯುವುದು ದಿನಚರಿಯಾಯಿತು.

ಮೊದಲ ದಿನ 540. ಮರುದಿನ 556, ಆಮೇಲೆ 571, 589. ಎಂಟನೆಯ ಬೆಳಿಗ್ಗೆ 640 ಎಂದಾಗ ಮನೆಯವರೆಲ್ಲ ನಲಿದರು. ಒಂಬತ್ತನೆಯ ಬೆಳಿಗ್ಗೆ 641. ದಿನಕ್ಕೆ ಹದಿನಾಲ್ಕು ಹದಿನೈದು ಗ್ರಾಮು ಏರುತ್ತಿದ್ದ ಮರಿ ಒಂದೇ ಗ್ರಾಮು ಏರಿತ್ತು. ರಾಯರ ಮಗ, ಏರಿದೆಯಲ್ಲ, ಇಳಿದಿಲ್ಲವಲ್ಲ ಎಂದ. ಮರಿಯ ಕಣ್ಣು ಹೊಳೆಯುತ್ತಿತ್ತು, ಅದು ಕೂಗಿ ಊಟ ಕೇಳುತ್ತಿತ್ತು. ಹತ್ತನೆಯ ಬೆಳಿಗ್ಗೆ ತಕ್ಕಡಿ 634 ಎಂದಿತು. ಚೀಲವನ್ನು ಮುಟ್ಟಿ ನೋಡಿದರೆ ರಾತ್ರಿಯ ಗಂಜಿ ಮೆತ್ತಗೆ ಕೈಗೆ ಸಿಕ್ಕಿತು. ಬಾಯಿಯ ಹತ್ತಿರ ಹುಳಿವಾಸನೆ. ಅಂದರೆ ಆ 634ರಲ್ಲಿಯೂ ಹಳೆಯ ಗಂಜಿಯ ತೂಕ ಸೇರಿತ್ತು; ಮರಿಯ ನಿಜವಾದ ತೂಕ ಇನ್ನೂ ಕಡಿಮೆ. ಹಸಿದಿದೆ ಎಂದು ಎಂದಿನಂತೆ ಉಣಿಸಲು ಹೊರಟವರನ್ನು ತಡೆದು, ವಹಿಯ ಸಮೇತ ಮರಿಯನ್ನು ವೈದ್ಯರಲ್ಲಿಗೆ ಕಳುಹಿಸಿದೆವು.

ವೈದ್ಯರು ಮರಿಗಿಂತ ಮೊದಲು ವಹಿಯನ್ನು ಓದಿದರು. ಗಂಜಿಯ ಬಿಸಿ ಪ್ರತಿಹೊತ್ತೂ ಸರಿಯಾಗಿತ್ತು, ಅಳತೆಯೂ ಸರಿ. ಹಾಗಾದರೆ ರಾತ್ರಿ ಮರಿ ಎಲ್ಲಿ ಮಲಗುತ್ತದೆ ಎಂದು ಕೇಳಿದರು. ಎರಡು ರಾತ್ರಿಗಳಿಂದ ಪೆಟ್ಟಿಗೆ ರಾಯರ ಮಗನ ಮಲಗುವ ಕೋಣೆಯಲ್ಲಿತ್ತು. ಸೆಕೆ ತಾಳದೆ ಅವನು ಏಸಿ ಹಾಕಿಕೊಳ್ಳುತ್ತಿದ್ದ. ಗರಿಯಿನ್ನೂ ಮೊಳೆಯುತ್ತಿರುವ ಮರಿಯ ಪೆಟ್ಟಿಗೆಯಲ್ಲಿ 27ರಿಂದ 29 ಡಿಗ್ರಿಯ ಬೆಚ್ಚಗು ಬೇಕು. ಮೈ ತಣ್ಣಗಾದರೆ ಹೊಟ್ಟೆಯ ಕೆಲಸವೂ ನಿಲ್ಲುತ್ತದೆ. ಅವರು ಚೀಲವನ್ನು ಬರಿದುಮಾಡಿ ತೊಳೆದು, ಬೂಷ್ಟಿನ ಸೋಂಕಿಗೆ ಔಷಧ ಕೊಟ್ಟು, ಎರಡು ದಿನ ತೆಳುವಾದ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿರೆಂದರು. ಮರುದಿನ 629, ಅದರ ಮರುದಿನ 633, ಆಮೇಲೆ 648. ಆ ಎರಡು ರಾತ್ರಿ ಅಜ್ಜಿ ಪೆಟ್ಟಿಗೆಯ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡರು. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ರಾಯರು ಕೇಳಿದ್ದಕ್ಕೆ ವೈದ್ಯರು ನೇರ ಉತ್ತರ ಕೊಡಲಿಲ್ಲ. ವಹಿಯ ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿಯೇ ಬರಬಹುದಿತ್ತು" ಎಂದರಂತೆ.

ಅಂಕಿಯ ಜೊತೆಗೆ ಕಣ್ಣಿಗೂ ಕೆಲಸವಿದೆ. ಚೆನ್ನಾಗಿ ಬೆಳೆಯುವ ಮರಿಯ ಚರ್ಮ ತಿಳಿಗುಲಾಬಿ, ಮೆತ್ತಗೆ. ಒಣಗಿ ಕೆಂಪಾಗಿ ಸುಕ್ಕುಗಟ್ಟಿದರೆ ಮೈಯಲ್ಲಿ ನೀರು ಸಾಲದು. ಕಾಲ್ಬೆರಳುಗಳು ಮತ್ತು ರೆಕ್ಕೆಯ ಮೊಣಕೈಗಳು ತುಂಬಿಕೊಂಡಿರಬೇಕು. ತಲೆ ಮಾತ್ರ ದೊಡ್ಡದಾಗಿ, ಬೆರಳು ಕಡ್ಡಿಯಾಗಿ, ನೆತ್ತಿಯ ಗರಿಗಳು ತಡವಾಗಿ ಅಡ್ಡಾದಿಡ್ಡಿ ಹುಟ್ಟಿದರೆ ಆ ಮರಿಗೆ ಹಿಂದೆ ಯಾವಾಗಲೋ ಊಟ ಸಾಲದೆ ಹೋಗಿದೆ. ಗರಿಗಳ ಮೇಲೆ ಅಡ್ಡಗೆರೆ ಬಿದ್ದಿದ್ದರೆ ಅದು ಬೆಳೆಯುತ್ತಿದ್ದ ದಿನಗಳ ಕಷ್ಟದ ಗುರುತು. ಜಾರುವ ಕಾಗದದ ಮೇಲೆ ಇಟ್ಟ ಮರಿಯ ಕಾಲುಗಳು ಎರಡು ಪಕ್ಕಕ್ಕೆ ಹರಡಿಬಿಡುತ್ತವೆ. ಒಂದೇ ಬದಿಯಿಂದ ಜೋರಾಗಿ ಒತ್ತಿ ಉಣಿಸಿದರೆ ಕೊಕ್ಕು ಕತ್ತರಿಯಂತೆ ಸೊಟ್ಟಗಾಗಬಹುದು. ಎಳೆಯದಿದ್ದಾಗಲೇ ಕಂಡರೆ ಎರಡನ್ನೂ ತಿದ್ದಬಹುದು. ಬೆಳೆದ ಮೇಲೂ ತೂಗುವುದನ್ನು ಬಿಡಬಾರದು. 1970ರ ದಶಕದಲ್ಲಿ ವೈದ್ಯರು ಮಕಾವ್‌ಗಳಲ್ಲಿ ಕಂಡು ಮಕಾವ್ ಸೊರಗುರೋಗ ಎಂದೇ ಕರೆದ ವ್ಯಾಧಿಯಲ್ಲಿ, ಹಕ್ಕಿ ತಿನ್ನುತ್ತಲೇ ಇದ್ದು ಇಳಿಯುತ್ತ ಹೋಗುತ್ತದೆ, ಕಾಳು ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ. ಅದರ ಹಿಂದೆ ಒಂದು ವೈರಾಣು ಇದೆಯೆಂದು ಪತ್ತೆಯಾದದ್ದು 2008ರಲ್ಲಿ.

ಇಷ್ಟೆಲ್ಲ ಓದಿದ ಮೇಲೆ, ತಾಯಿಯಿಂದ ಮರಿಯನ್ನು ಏಕೆ ಅಗಲಿಸಬೇಕು ಎಂದು ವಾಚಕರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅಗಲಿಸಲೇಬೇಕಾದ ಸಂದರ್ಭವೂ ಉಂಟು. ಅದನ್ನು ನೋಡಲು ಈ ಹಕ್ಕಿಗಳ ತೌರಿಗೇ ಹೋಗಬೇಕು. ಪೆರು ದೇಶದ ಆಗ್ನೇಯ ಮೂಲೆಯಲ್ಲಿ, ತಾಂಬೋಪಾತಾ ನದಿಯ ಕಾಡಿನಲ್ಲಿ, 1989ರಿಂದ ವಿಜ್ಞಾನಿಗಳು ಮಕಾವ್‌ಗಳ ಗೂಡುಗಳನ್ನು ಹತ್ತಿ ನೋಡುತ್ತ ಬಂದಿದ್ದಾರೆ. ಅಲ್ಲಿನ ಕೆಂಪು ಮಕಾವ್ ಎರಡರಿಂದ ನಾಲ್ಕು ಮೊಟ್ಟೆಯಿಡುತ್ತದೆ, ಮರಿಗಳು ದಿನಗಳ ಅಂತರದಲ್ಲಿ ಒಡೆದು ಬರುತ್ತವೆ. ಮೊದಲು ಬಂದವು ಉಂಡು ಬೆಳೆಯುತ್ತವೆ. ಕೊನೆಗೆ ಬಂದ ಮರಿಯ ಕಡೆಗೆ ತಂದೆತಾಯಿಗಳು ಕೊಕ್ಕು ತಿರುಗಿಸುವುದೇ ಇಲ್ಲ. ಗೂಡಿನೊಳಗೆ, ತುಂಬಿದ ಸಂಸಾರದ ನಡುವೆ, ಅದು ಹಸಿದು ಸಾಯುತ್ತದೆ. ಕಟುಕತನ ಎನ್ನಬೇಡಿ, ನಾಲ್ಕನ್ನೂ ಸಾಕಹೋಗಿ ನಾಲ್ಕನ್ನೂ ಕಳೆದುಕೊಳ್ಳುವುದಕ್ಕಿಂತ ಇದು ಮೇಲೆಂದು ಆ ಹಕ್ಕಿಯ ಜಾತಿ ಎಂದೋ ತೀರ್ಮಾನಿಸಿದೆ.

1990ರ ದಶಕದ ಆರಂಭದಲ್ಲಿ ಆ ವಿಜ್ಞಾನಿಗಳು ಇಂಥ ಮರಿಗಳನ್ನು ತಂದು, ಕೈತುತ್ತಿನಿಂದ ಬೆಳೆಸಿ, ಕಾಡಿಗೆ ಬಿಟ್ಟರು. ಅವುಗಳಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಚಿಕೋಸ್, ಅಂದರೆ ಹುಡುಗರು, ಎಂದು ಹೆಸರಾಯಿತು. ಹುಡುಗರು ಬದುಕಿದರು, ಕಾಡಿನ ಹಕ್ಕಿಗಳೊಡನೆ ಜೊತೆಗೂಡಿ ಗೂಡು ಕಟ್ಟಿದವು. ಆದರೆ ಮನುಷ್ಯರ ಭಯ ಮಾತ್ರ ಬರಲಿಲ್ಲ. ಅತಿಥಿಗೃಹದ ಊಟದ ಮೇಜಿಗೇ ಇಳಿದು ತಟ್ಟೆಗೆ ಬಾಯಿ ಹಾಕುತ್ತಿದ್ದವು. ಪೆರು ಮತ್ತು ಕೋಸ್ಟರಿಕಾಗಳಲ್ಲಿ ಹೀಗೆ ಬಿಟ್ಟ ಹಕ್ಕಿಗಳ ಲೆಕ್ಕ 2005ರಲ್ಲಿ ಪ್ರಕಟವಾಯಿತು: ಮೊದಲ ವರ್ಷ ದಾಟಿದವು ನೂರಕ್ಕೆ 74, ಆಮೇಲೆ ವರ್ಷ ವರ್ಷವೂ ಉಳಿಯುತ್ತಿದ್ದದ್ದು ನೂರಕ್ಕೆ 96. ತರುವಾಯ ಅವರು ಇನ್ನೂ ಜಾಣ ದಾರಿ ಕಂಡುಕೊಂಡರು. ಸಾಯಲಿರುವ ಕೊನೆಯ ಮರಿಯನ್ನು ತಂದು ಕೆಲವು ವಾರ ಮಾತ್ರ ಕೈತುತ್ತು ಕೊಟ್ಟು, ಮೈ ಹಿಡಿದ ಮೇಲೆ ಜಾಗವಿರುವ ಬೇರೊಂದು ಗೂಡಿನಲ್ಲಿ ಇಟ್ಟುಬಿಡುವುದು. ಮೂರು ಋತುಗಳ ಈ ಪ್ರಯೋಗದ ವರದಿ 2021ರಲ್ಲಿ ಬಂತು. ಇಟ್ಟ ಮರಿಗಳನ್ನೆಲ್ಲ ಸಾಕುತಂದೆತಾಯಿಗಳು ಒಪ್ಪಿಕೊಂಡಿದ್ದವು. ನೂರಕ್ಕೆ 89 ಹಾರುವವರೆಗೆ ಬೆಳೆದವು. ಹಸಿವಿನಿಂದ ಸಾಯುವ ಮರಿಗಳ ಪ್ರಮಾಣ ನೂರಕ್ಕೆ 19 ಇದ್ದದ್ದು 4ಕ್ಕೆ ಇಳಿಯಿತು. ಕೈತುತ್ತಿನ ವಿದ್ಯೆ ಎರಡು ಕಡೆಯೂ ಒಂದೇ, ಅದೇ ಥರ್ಮಾಮೀಟರು, ಅದೇ ತಕ್ಕಡಿ. ಅಲ್ಲಿ ಸಾಯುವ ಮರಿಯನ್ನು ಗೂಡಿಗೆ ಮರಳಿಸುತ್ತಾರೆ. ನಮ್ಮ ಪೇಟೆಗಳಲ್ಲಿ ಚೆನ್ನಾಗಿರುವ ಮರಿಯನ್ನು ಗೂಡಿನಿಂದ ತೆಗೆದು ಪೆಟ್ಟಿಗೆಯಲ್ಲಿ ಮಾರುತ್ತಾರೆ.

ನಮ್ಮ ಅಭಿಪ್ರಾಯ ಕೇಳಿದರೆ, ತಾನಾಗಿ ತಿನ್ನಲು ಕಲಿಯದ ಮರಿಯನ್ನು ಯಾರೂ ಕೊಳ್ಳಬಾರದು, ಯಾರೂ ಮಾರಲೂಬಾರದು. ಕೈತುತ್ತು ಕೊಟ್ಟರೆ ಮಾತ್ರ ಪ್ರೀತಿ ಹುಟ್ಟುತ್ತದೆಂಬುದು ಅಂಗಡಿಯ ಮಾತು. ತಂದೆತಾಯಿಗಳ ಬಳಿ ಬೆಳೆದು ದಿನವೂ ಮನುಷ್ಯರ ಕೈ ಕಂಡ ಮರಿಯೂ ಹೊಂದಿಕೊಳ್ಳುತ್ತದೆ, ತಾನು ಹಕ್ಕಿಯೆಂಬ ಅರಿವನ್ನೂ ಉಳಿಸಿಕೊಳ್ಳುತ್ತದೆ. ಇನ್ನೊಂದು ಲೆಕ್ಕವೂ ಇದೆ. ಮಕಾವ್ ಐವತ್ತು ವರ್ಷ ಬದುಕಬಲ್ಲ ಹಕ್ಕಿ. ರಾಯರಿಗೆ ಈಗ ಐವತ್ತೆಂಟು. ಆ ಮನೆಯ ವಿಲ್ಲಿನಲ್ಲಿ ಗಿಣಿಗೂ ಒಂದು ಕಲಮು ಬೇಕಾಗುತ್ತದೆಂದು ನಾವು ಹೇಳಿದಾಗ ಅವರು ನಗಲಿಲ್ಲ. ಮಗನ ಮುಖ ನೋಡಿದರು.

ಮರಿ ಬೆಳೆಯಿತು. ನೀಲಿ ಬಿಚ್ಚಿಕೊಂಡಿತು, ಎದೆಗೆ ಅರಿಸಿನ ಬಂತು. ಎರಡೂವರೆ ತಿಂಗಳ ಹೊತ್ತಿಗೆ ವಹಿಯಲ್ಲಿ 935 ಬರೆದೆವು. ಅಲ್ಲಿಂದ ಮುಂದೆ ಅಂಕಿ ಇಳಿಯತೊಡಗಿತು: 928, 917, 906. ಒಂಬತ್ತನೆಯ ದಿನದ ನೆನಪಿನಿಂದ ಮನೆಯವರಿಗೆ ಎದೆ ಹಾರಿತು. ಈ ಸಲ ಚೀಲ ಪ್ರತಿ ಬೆಳಿಗ್ಗೆ ಬರಿದಾಗಿತ್ತು, ಹಿಕ್ಕೆ ಸರಿಯಾಗಿತ್ತು, ಮರಿ ಪೆಟ್ಟಿಗೆಯ ಅಂಚನ್ನು ಹಿಡಿದು ರೆಕ್ಕೆ ಬಡಿಯುತ್ತಿತ್ತು. ಹಾರಲು ಹೊರಟ ಮಕಾವ್ ಊಟವನ್ನು ತಾನಾಗಿ ಕಡಿಮೆ ಮಾಡಿ, ಏರಿದ ತೂಕದಲ್ಲಿ ಹತ್ತನೆಯ ಒಂದು ಪಾಲಿನವರೆಗೆ ಇಳಿಸಿಕೊಳ್ಳುತ್ತದೆ. ಭಾರದ ಮೈಯನ್ನು ರೆಕ್ಕೆ ಎತ್ತಲಾರದು. ಆರು ವಾರದ ಮರಿಯಲ್ಲಿ ಏಳು ಗ್ರಾಮು ಇಳಿದದ್ದು ಗಂಡಾಂತರ. ಹನ್ನೊಂದು ವಾರದ ಮರಿಯಲ್ಲಿ ಎಪ್ಪತ್ತು ಇಳಿದದ್ದು ಆರೋಗ್ಯ. ತಕ್ಕಡಿಯನ್ನು ವಯಸ್ಸಿನ ಜೊತೆಗೆ ಸೇರಿಸಿ ಓದಬೇಕೆಂದು ವೈದ್ಯರು ಹೇಳಿದ್ದು ಇದಕ್ಕೇ. 858ಕ್ಕೆ ಬಂದು ಅದು ನಿಂತಿತು.

ಕೈತುತ್ತು ಬಿಡಿಸುವುದಕ್ಕೆ ಅವಸರ ಪಡಲಾಗದು. ಕಾಡಿನಲ್ಲಿಯೂ ಸುಮಾರು ಮೂರು ತಿಂಗಳಿಗೆ ಗೂಡು ಬಿಟ್ಟ ಮರಿ ಇನ್ನೂ ಹಲವು ತಿಂಗಳು ತಂದೆತಾಯಿಗಳ ಹಿಂದೆ ಅಲೆಯುತ್ತ ಊಟ ಬೇಡುತ್ತದೆ. ರಾಯರ ಮನೆಯಲ್ಲಿ ಬೇಯಿಸಿದ ಮೆಕ್ಕೆಜೋಳ, ಅಲಸಂದೆ, ಪರಂಗಿಹಣ್ಣಿನ ಹೋಳುಗಳನ್ನು ತಟ್ಟೆಯಲ್ಲಿಟ್ಟರು. ಬೆಣ್ಣೆಹಣ್ಣು ಮಾತ್ರ ಗಿಣಿಗಳಿಗೆ ವಿಷ, ಅದನ್ನು ಮನೆಗೇ ತರಲಿಲ್ಲ. ಮೊದಲ ವಾರ ಮರಿ ಎಲ್ಲವನ್ನೂ ನೆಲಕ್ಕೆ ಎಸೆಯಿತು, ಎರಡನೆಯ ವಾರ ಎಸೆಯುವ ಮುಂಚೆ ಕಚ್ಚಿ ನೋಡಿತು. ಮಧ್ಯಾಹ್ನದ ಗಂಜಿ ಮೊದಲು ತಪ್ಪಿತು, ಆಮೇಲೆ ಬೆಳಗಿನದು. ರಾತ್ರಿಯ ಗಂಜಿ ಎಲ್ಲಕ್ಕಿಂತ ಕೊನೆಯವರೆಗೆ ಉಳಿಯಿತು. ಹೊಟ್ಟೆ ತುಂಬಿದ್ದರೂ ದೀಪ ಆರಿಸುವ ಹೊತ್ತಿಗೆ ಅದು ಅಜ್ಜಿಯ ಕುರ್ಚಿಯ ತೋಳಿನ ಮೇಲೆ ಕುಳಿತು ತಲೆ ಕುಕ್ಕುತ್ತದೆ. ಅಜ್ಜಿ ಥರ್ಮಾಮೀಟರನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ನೋಡಿ, 40 ಆಯಿತೇ ಎಂದು ಮೊಮ್ಮಗನನ್ನು ಕೇಳಿ, ಎರಡೇ ಎರಡು ಚಮಚ ಕೊಡುತ್ತಾರೆ. ವಹಿಯಲ್ಲಿ ಆ ಮನೆಯನ್ನು ನಾವು ಇನ್ನೂ ಹೊಡೆದುಹಾಕಿಲ್ಲ.